ಯಾರ ತ್ಯಾಗ?

ಹೃಷೀಕೇಶದಿಂದ ಬದರಿಗೆ ಹೋಗುವ ಮಾರ್ಗದಲ್ಲಿ, ದೇವಪ್ರಯಾಗವನ್ನು ದಾಟಿ ಸ್ವಲ್ಪ ದೂರ ಸಾಗಿದ ಮೇಲೆ, ಬೆಟ್ಟಗಳು ಇದ್ದಕ್ಕಿದ್ದಂತೆ ಒಂದಿಷ್ಟು ಹಿಂದಕ್ಕೆ ಸರಿದು ನಿಲ್ಲುತ್ತವೆ. ಅಲಕನಂದೆಯ ಪಕ್ಕದಲ್ಲಿ ಹಸುರು ಗದ್ದೆಗಳ ಒಂದು ಬಯಲು ಕಣ್ಣಿಗೆ ಬೀಳುತ್ತದೆ. ಅಷ್ಟು ಹೊತ್ತೂ ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ ಎಂದು ಜೀವ ಹಿಡಿದುಕೊಂಡು ಕುಳಿತ ದಕ್ಷಿಣದ ಯಾತ್ರಿಕನಿಗೆ ಆ ಗದ್ದೆಗಳನ್ನು ಕಂಡಾಗ ತನ್ನ ಊರಿನ ನೆನಪಾಗುತ್ತದೆ. ಊರಿನ ಹೆಸರು ಮಲೇಥಾ. ಕೆಲವು ವರ್ಷಗಳ ಹಿಂದೆ ನಾನು ಅಮ್ಮನನ್ನು ಕರೆದುಕೊಂಡು ಆ ದಾರಿಯಲ್ಲಿ ಹೋಗುತ್ತಿದ್ದಾಗ ನಮ್ಮ ಬಸ್ಸಿನ ಚಾಲಕ ಗಾಡಿಯ ವೇಗವನ್ನು ತಗ್ಗಿಸಿ, ಬೆಟ್ಟದ ಕಡೆಗೆ ಕೈ ತೋರಿಸಿ, “ಈ ಅನ್ನಕ್ಕೆ ಒಬ್ಬ ತಂದೆ ಮಗನನ್ನೇ ಕೊಟ್ಟ” ಎಂದ. ಅಮ್ಮ ಕೈ ಮುಗಿದಳು. ಆಮೇಲೆ, ಯಾರಿಗೆ ಕೈ ಮುಗಿದೆನೆಂಬ ಅನುಮಾನ ಬಂತೋ ಏನೋ, ನನ್ನತ್ತ ತಿರುಗಿ “ಯಾರಿಗೆ ಕೊಟ್ಟನಂತೆ?” ಎಂದು ಕೇಳಿದಳು. ನನಗೆ ಆಗ ಗೊತ್ತಿರಲಿಲ್ಲ.

ಗೊತ್ತಾದದ್ದು ಡೆಹರಾಡೂನಿನಲ್ಲಿ. ನನ್ನ ಅಕ್ಕ ಅಲ್ಲಿದ್ದಾಳೆ. ಭಾವನವರಿಗೆ ಅಲ್ಲಿ ಕೆಲಸ. ಒಂದು ಸಂಜೆ ಭಾವ ಎರಡು ಟಿಕೆಟ್ಟು ತಂದು, “ಕನ್ನಡ ಮೇಷ್ಟರಿಗೆ ಗಢವಾಲಿ ನಾಟಕ ತೋರಿಸೋಣ” ಎಂದು ಕರೆದುಕೊಂಡು ಹೋದರು. ನಾಟಕ ‘ಮಾಧೋಸಿಂಗ್ ಭಂಡಾರಿ’. ನಾಟಕಕ್ಕಿಂತ ನೃತ್ಯನಾಟಕ ಎನ್ನುವುದು ಸರಿ. ಪಕ್ಕದಲ್ಲಿ ಕುಳಿತ ಗಾಯಕರು ಕಥೆಯನ್ನು ಹಾಡುತ್ತಾರೆ. ಢೋಲು ಮತ್ತು ದಮಾವು ಎಂಬ ಜೋಡಿ ವಾದ್ಯಗಳು ಅದಕ್ಕೆ ಉಸಿರು ಕೊಡುತ್ತವೆ. ಯುದ್ಧ ಬಂದಾಗ ಉದ್ದವಾಗಿ ಬಾಗಿದ ಕೊಂಬು ಕೂಗುತ್ತದೆ. ನಟರು ಮಾತಿಗಿಂತ ಹೆಚ್ಚಾಗಿ ಹೆಜ್ಜೆಗಳಲ್ಲಿಯೇ ನಡೆದುಕೊಳ್ಳುತ್ತಾರೆ. ನಮ್ಮ ಯಕ್ಷಗಾನವನ್ನು ಕಂಡವರಿಗೆ ಈ ಏರ್ಪಾಡು ಹೊಸದೇನೂ ಅಲ್ಲ. ಭಾಗವತರ ಕೈಯಲ್ಲಿ ಕಥೆ, ಪಾತ್ರಧಾರಿಯ ಕಾಲಿನಲ್ಲಿ ರಸ, ಅಷ್ಟೆ. ಆದರೆ ವೇಷಭೂಷಣದಲ್ಲಿ ನಮ್ಮ ಬಡಗು ತೆಂಕುಗಳ ವೈಭವವಿಲ್ಲ. ಅಂಗರಖೆ, ಪೇಟ, ಸೊಂಟಕ್ಕೆ ಬಿಗಿದ ಬಟ್ಟೆ, ಕತ್ತಿ, ಗುರಾಣಿ. ಬೆಟ್ಟದ ಜನ ಹೆಚ್ಚು ಭಾರ ಹೊತ್ತು ಕುಣಿಯಲಾರರೇನೊ.

ಗಢವಾಲದಲ್ಲಿ ವೀರರ ಕಥೆಗಳನ್ನು ಹಾಡುವ ಸಂಪ್ರದಾಯ ಬಹಳ ಹಳೆಯದು. ಆ ವೀರಗಾಥೆಗಳಿಗೆ ಅಲ್ಲಿ ಪಂವಾಡಾ ಎಂದು ಹೆಸರು. ಕಿವಿಗೆ ನಮ್ಮ ‘ಪವಾಡ’ದಂತೆ ಕೇಳಿದರೂ ಅರ್ಥದಲ್ಲಿ ಅದು ಮರಾಠಿಯ ಪೋವಾಡಕ್ಕೆ ಹತ್ತಿರ. ಅಪ್ಸರೆಯರಂಥ ಆಛರಿಯರು ಕೊಳಲಿನ ನಾದಕ್ಕೆ ಮರುಳಾಗಿ ಎತ್ತಿಕೊಂಡು ಹೋದ ಜೀತು ಬಗಡ್ವಾಲನ ಕಥೆ ಅಲ್ಲಿನ ಮನೆಮನೆಗೂ ಗೊತ್ತು. ಚಳಿಗಾಲದಲ್ಲಿ ಹಳ್ಳಿಗಳಲ್ಲಿ ದಿನಗಟ್ಟಲೆ ಪಾಂಡವರ ನೃತ್ಯ ನಡೆಯುತ್ತದೆ. ಕುಣಿಯುವವನ ಮೈಮೇಲೆ ಭೀಮನೋ ಅರ್ಜುನನೋ ಬರುತ್ತಾರೆಂದು ನಂಬಿಕೆ. ಮಂದಾಕಿನಿಯ ಕಣಿವೆಯಲ್ಲಿ ಬಯಲಿನಲ್ಲಿ ಬಟ್ಟೆಗಳನ್ನು ಕಟ್ಟಿ ಚಕ್ರವ್ಯೂಹವನ್ನೇ ನಿರ್ಮಿಸಿ ಅಭಿಮನ್ಯುವನ್ನು ಅದರೊಳಕ್ಕೆ ಕಳಿಸುತ್ತಾರೆ. ಈ ಹಾಡುಗಳಲ್ಲಿ ಕೆಲವು ಈಗ ಹಳ್ಳಿಯ ಅಂಗಳದಿಂದ ಪಟ್ಟಣದ ರಂಗಮಂಟಪಕ್ಕೆ ಬಂದಿವೆ. ೨೦೨೦ರಲ್ಲಿ ತೀರಿಕೊಂಡ ಗಢವಾಲಿ ಗಾಯಕ ಜೀತ್ ಸಿಂಗ್ ನೇಗಿಯವರು ಈ ಮಾಧೋಸಿಂಗನ ಕಥೆಯನ್ನೇ ‘ಮಲೇಥಾ ಕೀ ಕೂಲ್’ ಎಂಬ ನಾಟಕವಾಗಿ ಬರೆದರು. ಕೂಲ್ ಎಂದರೆ ಕಾಲುವೆ.

ಕಥೆಯನ್ನು ಹೇಳಿಬಿಡುತ್ತೇನೆ. ಮಾಧೋಸಿಂಗ್ ಭಂಡಾರಿ ಹದಿನೇಳನೆಯ ಶತಮಾನದಲ್ಲಿ ಗಢವಾಲದ ಅರಸ ಮಹೀಪತ ಶಾಹನ ಸೇನಾಪತಿ. ರಾಜಧಾನಿ ಆಗ ಶ್ರೀನಗರ. ಕಾಶ್ಮೀರದ್ದಲ್ಲ, ಅಲಕನಂದೆಯ ದಡದ್ದು. ಅವನು ಹಿಮದ ಕಣಿವೆಗಳನ್ನು ದಾಟಿ ಟಿಬೆಟ್ಟಿನ ದಾಪಾದವರೆಗೆ ದಂಡು ಕೊಂಡೊಯ್ದವನು. ಒಂದು ವರ್ಷ ದೀಪಾವಳಿಗೆ ಸೇನೆ ಹಿಂದಿರುಗಲಿಲ್ಲ. ಊರುಗಳಲ್ಲಿ ದೀಪ ಹಚ್ಚಲು ಯಾರಿಗೂ ಮನಸ್ಸಾಗಲಿಲ್ಲ. ಹನ್ನೊಂದು ದಿನಗಳ ತರುವಾಯ ಮಾಧೋಸಿಂಗ್ ಗೆದ್ದು ಬಂದಾಗ ಹಬ್ಬ ಮಾಡಿದರು. ಗಢವಾಲದವರು ಇಂದಿಗೂ ಕಾರ್ತಿಕ ಶುದ್ಧ ಏಕಾದಶಿಯಂದು ‘ಇಗಾಸ್’ ಎಂಬ ಎರಡನೆಯ ದೀಪಾವಳಿಯನ್ನು ಆಚರಿಸುವುದಕ್ಕೆ ಹೇಳುವ ಕಾರಣಗಳಲ್ಲಿ ಇದೊಂದು. ಒಬ್ಬ ದಂಡನಾಯಕನಿಗಾಗಿ ಪಂಚಾಂಗವನ್ನೇ ತಡೆದು ನಿಲ್ಲಿಸಿದ ಜನ!

ಇಂಥವನು ಮನೆಗೆ ಬಂದು ಊಟಕ್ಕೆ ಕುಳಿತರೆ ತಟ್ಟೆಯಲ್ಲಿ ಒಣ ರೊಟ್ಟಿ. ಪಲ್ಯವಿಲ್ಲ, ಅನ್ನವಿಲ್ಲ. ಏಕೆಂದು ಕೇಳಿದಾಗ ಹೆಂಡತಿ ಉದೀನಾ, “ನಿಮ್ಮ ಊರಿನ ಹೊಲದಲ್ಲಿ ನೀರಿಲ್ಲ; ನಾನು ಎಲ್ಲಿಂದ ತರಲಿ?” ಎನ್ನುತ್ತಾಳೆ. ಆ ಮಾತು ನಾಟಿತು. ಬೆಟ್ಟದ ಆಚೆ ಬದಿಯಲ್ಲಿ ಚಂದ್ರಭಾಗೆ ಎಂಬ ತೊರೆ ಹರಿಯುತ್ತದೆ, ನಡುವೆ ಗುಡ್ಡ. ಮಾಧೋಸಿಂಗ್ ಆ ಗುಡ್ಡಕ್ಕೆ ಸುರಂಗ ಕೊರೆಸಿದ. ಉಳಿ, ಸುತ್ತಿಗೆ, ಮನುಷ್ಯರ ತೋಳು. ಆ ಕಾಲಕ್ಕೆ ಇನ್ನೇನಿತ್ತು? ಸುರಂಗವಾಯಿತು, ಕಾಲುವೆಯಾಯಿತು, ನೀರು ಮಾತ್ರ ಬರಲೊಲ್ಲದು. ಆ ರಾತ್ರಿ ದೇವಿ ಕನಸಿನಲ್ಲಿ ಬಂದು ಮಗನ ಬಲಿಯನ್ನು ಕೇಳುತ್ತಾಳೆ. ಮಗನ ಹೆಸರು ಗಜೇಸಿಂಗ್. ಬಲಿಯಾಯಿತು, ನೀರು ಬಂತು. ಸುರಂಗ ಇಂದಿಗೂ ಇದೆ, ಗದ್ದೆಗಳು ಇಂದಿಗೂ ಇವೆ.

ರಂಗದ ಮೇಲೆ ನೀರು ಬಂದದ್ದು ಒಂದು ಉದ್ದನೆಯ ನೀಲಿ ಬಟ್ಟೆಯಾಗಿ. ಆರು ಜನ ಹುಡುಗಿಯರು ಅದನ್ನು ಅಲೆಯಾಡಿಸುತ್ತ ಓಡಿ ಬಂದರು, ಢೋಲಿನ ಲಯ ಏರಿತು, ಸಭಾಂಗಣವೆಲ್ಲ ಚಪ್ಪಾಳೆ. ನಾನೂ ತಟ್ಟಿದೆ. ನನ್ನ ಬಲಗಡೆ ಒಬ್ಬ ವೃದ್ಧೆ ಕುಳಿತಿದ್ದರು. ಅವರು ಚಪ್ಪಾಳೆ ತಟ್ಟಲಿಲ್ಲ. ಸೆರಗನ್ನು ಕಣ್ಣಿನ ಮೇಲೆ ಎಳೆದುಕೊಂಡು, ನೀಲಿ ಬಟ್ಟೆ ಪೂರ್ತಿ ಹಾದುಹೋಗುವ ತನಕ ಹಾಗೆಯೇ ಇದ್ದರು. ನನ್ನ ಕೈಗಳು ತಮ್ಮಷ್ಟಕ್ಕೆ ತಾವು ನಿಂತವು. ನಾವು ಯಾವುದಕ್ಕೆ ಚಪ್ಪಾಳೆ ತಟ್ಟುತ್ತಿದ್ದೇವೆ ಎಂಬ ಪ್ರಶ್ನೆ ಆಗ ಹೊಕ್ಕಿದ್ದು ಇನ್ನೂ ಬಿಟ್ಟಿಲ್ಲ.

ತರಗತಿಯಲ್ಲಿ ವ್ಯಾಕರಣ ಹೇಳುವವನ ಚಾಳಿಯನ್ನು ಓದುಗರು ಕ್ಷಮಿಸಬೇಕು. ‘ತ್ಯಾಗ ಮಾಡಿದನು’ ಎನ್ನುವಾಗ ಕರ್ತೃ ಯಾರು, ಕರ್ಮ ಯಾವುದು? ಶಿಬಿ ತನ್ನ ತೊಡೆಯ ಮಾಂಸವನ್ನು ಕೊಯ್ದು ಕೊಟ್ಟ. ದಧೀಚಿ ತನ್ನ ಬೆನ್ನೆಲುಬನ್ನು ಕೊಟ್ಟ. ಕೊಟ್ಟವನೂ ಅವನೇ, ಹೋದದ್ದೂ ಅವನದೇ. ಅಲ್ಲಿ ತ್ಯಾಗವೆಂಬ ಮಾತಿಗೆ ಅಡ್ಡಿಯಿಲ್ಲ. ಆದರೆ ‘ಮಾಧೋಸಿಂಗ್ ಮಗನನ್ನು ತ್ಯಾಗಮಾಡಿದ’ ಎಂಬ ವಾಕ್ಯದಲ್ಲಿ ಕರ್ಮದ ಸ್ಥಾನದಲ್ಲಿ ಕುಳಿತಿರುವುದು ಉಸಿರಾಡುವ ಇನ್ನೊಂದು ಜೀವ. ಕರ್ತೃ ಸಂಜೆಗೆ ಮನೆಗೆ ಬರುತ್ತಾನೆ, ಕರ್ಮ ಬರುವುದಿಲ್ಲ. ಎರಡು ವಾಕ್ಯಗಳಿಗೂ ಒಂದೇ ಕ್ರಿಯಾಪದವನ್ನು ಬಳಸುತ್ತೇವಲ್ಲ, ಅಲ್ಲಿ ಭಾಷೆ ನಮಗೆ ಮೋಸಮಾಡುತ್ತಿದೆಯೋ, ನಾವು ಭಾಷೆಗೆ ಮೋಸಮಾಡುತ್ತಿದ್ದೇವೆಯೋ!

ಹಾಡಿದವರಿಗೆ ಈ ಕಷ್ಟ ತಿಳಿದಿರಲಿಲ್ಲವೆಂದು ಭಾವಿಸಬಾರದು. ತಿಳಿದಿದ್ದರಿಂದಲೇ ಕಥೆಗೆ ಹಲವು ಪಾಠಗಳು ಹುಟ್ಟಿವೆ. ಒಂದರಲ್ಲಿ ದೇವಿ ಕೇಳುತ್ತಾಳೆ. ಆದ್ದರಿಂದ ಹೊಣೆ ದೇವಿಯದು. ಇನ್ನೊಂದರಲ್ಲಿ ಗಜೇಸಿಂಗನೇ ಮುಂದೆ ಬಂದು ‘ನಾನು ಸಿದ್ಧ’ ಎನ್ನುತ್ತಾನೆ. ಆದ್ದರಿಂದ ಹೊಣೆ ಹುಡುಗನದು. ಮತ್ತೊಂದರಲ್ಲಿ ಸುರಂಗದ ಕೆಲಸ ನಡೆಯುತ್ತಿದ್ದಾಗ ಕಲ್ಲು ಉರುಳಿ ಹುಡುಗ ಸತ್ತ, ಆಮೇಲೆ ಜನ ಅದನ್ನು ಬಲಿಯೆಂದು ಹಾಡಿದರು ಎನ್ನುತ್ತಾರೆ. ಆದ್ದರಿಂದ ಹೊಣೆ ಯಾರದೂ ಅಲ್ಲ. ಮೂರು ದಾರಿಗಳೂ ಹೊರಟದ್ದು ಒಂದೇ ಊರಿಗೆ: ‘ತಂದೆ ಕೊಂದ’ ಎಂಬ ಎರಡು ಶಬ್ದಗಳನ್ನು ಹೇಗಾದರೂ ತಪ್ಪಿಸುವುದಕ್ಕೆ. ಇವೆಲ್ಲವುಗಳ ನಡುವೆ ಉದೀನಾ ಮಾತ್ರ ಒಪ್ಪುವುದಿಲ್ಲ. ಈ ವಂಶದಲ್ಲಿ ಇನ್ನು ವೀರ ಹುಟ್ಟದಿರಲಿ ಎಂದು ಅವಳು ಶಪಿಸಿದಳಂತೆ. ಆಕೆಯ ಶಾಪವನ್ನು ಹೊಟ್ಟೆಯ ಸಂಕಟವೆಂದು ತಳ್ಳಿಹಾಕುವುದು ಸುಲಭ. ನನಗೆ ಅದು ವಿಚಾರದ ಮಾತೆಂದೇ ತೋರುತ್ತದೆ. ‘ವೀರ’ನಾಗುವುದರ ಬೆಲೆಯನ್ನು ಯಾರು ತೆರುತ್ತಾರೆಂಬುದನ್ನು ಕಂಡವಳು ಅವಳೊಬ್ಬಳೇ. ಆದ್ದರಿಂದ ಅವಳು ಗಂಡನ ಸಾವನ್ನು ಬೇಡಲಿಲ್ಲ, ನೀರು ಬತ್ತಲೆಂದೂ ಬೇಡಲಿಲ್ಲ, ವೀರರು ಬೇಡವೆಂದಳು.

ಹುಡುಗನೇ ಒಪ್ಪಿದನಲ್ಲ ಎಂಬ ವಾದವನ್ನು ಸ್ವಲ್ಪ ನೋಡಬೇಕು, ಏಕೆಂದರೆ ರಂಗದ ಮೇಲೆ ಕಂಡದ್ದು ಅದೇ ಪಾಠ, ಮತ್ತು ಜನಕ್ಕೆ ಅದೇ ಹೆಚ್ಚು ಪ್ರಿಯ. ಹದಿನೈದು ಹದಿನಾರರ ಹುಡುಗ, ತಂದೆ ನಾಡಿಗೆಲ್ಲ ದೊಡ್ಡವನು, ಊರೆಲ್ಲ ಮುಖ ಬಾಡಿಸಿಕೊಂಡು ಒಣ ಕಾಲುವೆಯ ಬಳಿ ನಿಂತಿದೆ. ಆಗ ಅವನು ‘ಒಲ್ಲೆ’ ಎನ್ನಬಹುದಾದ ಜಾಗ ಎಲ್ಲಿತ್ತು? ಅಭಿಮನ್ಯುವೂ ಒಪ್ಪಿಯೇ ವ್ಯೂಹದೊಳಕ್ಕೆ ಹೋದವನು. ಆದರೆ ಮಹಾಭಾರತ ಧರ್ಮರಾಯನನ್ನು ಸುಮ್ಮನೆ ಬಿಡುವುದಿಲ್ಲ. ‘ನಾನು ಕಳಿಸಿದೆ’ ಎಂಬ ಕೊರಗಿನಲ್ಲಿ ಅವನು ಬೇಯುತ್ತಾನೆ. ‘ಇಲ್ಲ’ ಎನ್ನಲು ಆಗದವನ ‘ಹೌದು’ ಎಷ್ಟು ತೂಗುತ್ತದೆ?

ಐತರೇಯ ಬ್ರಾಹ್ಮಣದಲ್ಲಿ ಶುನಃಶೇಪನ ಕಥೆ ಇದೆ. ಹಸಿದ ಅಜೀಗರ್ತ ನೂರು ಹಸುಗಳಿಗೆ ನಡುವಣ ಮಗನನ್ನು ಮಾರುತ್ತಾನೆ. ಯೂಪಕ್ಕೆ ಕಟ್ಟಲು ಇನ್ನೊಂದು ನೂರು, ಕೊಲ್ಲಲು ಮತ್ತೊಂದು ನೂರು. ದೇವತೆಗಳನ್ನು ಸ್ತುತಿಸಿ ಕಟ್ಟು ಬಿಚ್ಚಿಸಿಕೊಂಡ ಹುಡುಗನನ್ನು ತಂದೆ ‘ಬಾ ಮಗನೆ’ ಎಂದು ಕರೆದಾಗ ಅವನು ಹೋಗುವುದಿಲ್ಲ, ವಿಶ್ವಾಮಿತ್ರನ ಮಗನಾಗುತ್ತಾನೆ. ಬಲಿಗೆ ಕೊಟ್ಟ ಗಳಿಗೆಯಲ್ಲೇ ಅಜೀಗರ್ತ ತಂದೆತನವನ್ನು ಕಳೆದುಕೊಂಡನೆಂದು ಅಷ್ಟು ಹಿಂದೆಯೇ ನಮ್ಮವರು ತೀರ್ಮಾನ ಕೊಟ್ಟುಬಿಟ್ಟಿದ್ದರು. ಮಾಧೋಸಿಂಗ್ ಅಜೀಗರ್ತನಲ್ಲ, ಅವನು ತನಗಾಗಿ ಏನನ್ನೂ ತೆಗೆದುಕೊಳ್ಳಲಿಲ್ಲ. ಆದರೆ ಶುನಃಶೇಪನಿಗೆ ಸಿಕ್ಕ ಅವಕಾಶ ಗಜೇಸಿಂಗನಿಗೆ ಸಿಗಲಿಲ್ಲ. ಕರೆದರೆ ಬರುತ್ತಿದ್ದನೋ ಇಲ್ಲವೋ ಎಂಬುದು ತಿಳಿಯುವುದಕ್ಕೆ ಅವನು ಉಳಿಯಲೇ ಇಲ್ಲ. ನಮ್ಮ ಸಿರಿಯಾಳನ ಕಥೆಯಲ್ಲಾದರೂ ಶಿವ ಕೊನೆಗೆ ಮಗುವನ್ನು ಹಿಂದಕ್ಕೆ ಕೊಡುತ್ತಾನೆ. ಆ ಸಮಾಧಾನ ನಮಗೆ ಎಷ್ಟು ಬೇಕಾಗಿತ್ತೆಂದರೆ, ಅದಿಲ್ಲದೆ ಆ ಕಥೆಯನ್ನು ಕೇಳಲು ಸಾಧ್ಯವಿರಲಿಲ್ಲ. ಮಲೇಥಾದ ದೇವಿ ನೀರನ್ನು ಕೊಟ್ಟಳು, ಹುಡುಗನನ್ನು ಕೊಡಲಿಲ್ಲ.

ಇಷ್ಟು ಹೊತ್ತಿಗೆ ಕನ್ನಡ ಓದುಗರ ಮನಸ್ಸು ಕಲ್ಲನಕೇರಿಗೆ ಹೋಗಿರಬೇಕು. ‘ಕೆರೆಗೆ ಹಾರ’ದಲ್ಲಿಯೂ ಕೆರೆ ಕಟ್ಟಿದ್ದಾಗಿದೆ, ನೀರಿಲ್ಲ, ಮಲ್ಲನಗೌಡ ಹೊತ್ತಿಗೆ ತೆಗೆಸಿ ಕೇಳಿದಾಗ ಸೊಸೆಯೊಬ್ಬಳು ಆಹಾರವಾಗಬೇಕೆಂದು ಬರುತ್ತದೆ. ಕಿರಿಯ ಸೊಸೆ ಭಾಗೀರತಿಗೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅವಳಿಗೆ ತಿಳಿಯದೆಯೂ ಇಲ್ಲ. ತವರಿಗೆ ಹೋಗಿ ತಂದೆಯ ಮುಂದೆ ನಿಜವನ್ನು ಮರೆಮಾಚುತ್ತಾಳೆ. ಗೆಳತಿಯ ಮುಂದೆ ಮಾತ್ರ ಹೇಳಿಕೊಳ್ಳುತ್ತಾಳೆ. ಪೂಜೆ ಮುಗಿಸಿ ಎಲ್ಲರೂ ಹೊರಟ ಮೇಲೆ ಮರೆತು ಬಂದ ಬಂಗಾರದ ಬಟ್ಟಲನ್ನು ತರಲು ಅವಳೊಬ್ಬಳೇ ಹಿಂದಿರುಗುತ್ತಾಳೆ. ಮೆಟ್ಟಿಲು ಮೆಟ್ಟಿಲಿಗೂ ನೀರು ಏರುತ್ತದೆ. ದಂಡಿನಲ್ಲಿದ್ದ ಗಂಡ ಮಾದೇವರಾಯ ಕೆಟ್ಟ ಕನಸು ಕಂಡು ಓಡಿ ಬಂದು, ವಿಷಯ ತಿಳಿದು, ತಾನೂ ಅದೇ ಕೆರೆಗೆ ಹಾರುತ್ತಾನೆ. ಗಢವಾಲಕ್ಕೂ ಕಲ್ಲನಕೇರಿಗೂ ಯಾವ ನಂಟೂ ಇರಲಾರದು. ಎತ್ತರದ ಸೇತುವೆಗೋ ಕೋಟೆಗೋ ಹೆಂಗಸೊಬ್ಬಳನ್ನು ಗೋಡೆಯಲ್ಲಿ ಇಟ್ಟು ಕಟ್ಟಿದ ಹಾಡು ಬಾಲ್ಕನ್ ದೇಶಗಳಲ್ಲಿಯೂ ಇದೆ. ಆದರೂ ಎರಡನ್ನು ಪಕ್ಕಪಕ್ಕದಲ್ಲಿಟ್ಟರೆ ಒಂದು ವ್ಯತ್ಯಾಸ ಎದ್ದು ಕಾಣುತ್ತದೆ. ನಮ್ಮ ಹಾಡು ಗೌಡನನ್ನು ಹೊಗಳುವುದಿಲ್ಲ. ಅದು ಮೊದಲಿನಿಂದ ಕೊನೆಯವರೆಗೆ ಭಾಗೀರತಿಯ ಹಿಂದೆಯೇ ನಡೆಯುತ್ತದೆ. ಅದನ್ನು ಉಳಿಸಿಕೊಂಡು ಬಂದವರು ಬೀಸುಕಲ್ಲಿನ ಮುಂದೆ ಕುಳಿತ ಹೆಂಗಸರು. ಅವರು ಕೆರೆಯ ನೀರನ್ನು ಕುಡಿದವರೂ ಹೌದು, ನಾಳೆ ಬಟ್ಟಲು ತರಲು ಹೋಗಬೇಕಾದವರೂ ಹೌದು. ಮಾಧೋಸಿಂಗನ ಹಾಡಿಗೆ ಯಜಮಾನನ ಹೆಸರು. ಹಾಡಿನ ಹೆಸರು ಬದಲಾದರೆ ಪ್ರಶ್ನೆಯೂ ಬದಲಾಗುತ್ತದೆ.

ಇಷ್ಟು ಬರೆದ ಮೇಲೆ ಮಾಧೋಸಿಂಗನ ಪರವಾಗಿಯೂ ಒಂದು ಮಾತು ಹೇಳದಿದ್ದರೆ ನಾನು ಕೂತಲ್ಲಿಂದ ತೀರ್ಪು ಕೊಡುವ ಪಟ್ಟಣಿಗನಾಗುತ್ತೇನೆ. ಯುದ್ಧಕ್ಕೆ ಹೋಗುವಾಗಲೆಲ್ಲ ತನ್ನ ತಲೆಯನ್ನು ಕೈಯಲ್ಲಿ ಹಿಡಿದು ಹೋದವನು ಅವನು. ತನ್ನ ಜೀವ ಸಾಲುವುದಾಗಿದ್ದರೆ ಕ್ಷಣ ತಡಮಾಡದೆ ಕೊಡುತ್ತಿದ್ದ. ಅವನ ದುಃಖ ಸುಳ್ಳಲ್ಲ. ಮತ್ತು ಆ ಕಾಲುವೆ ಸುಮಾರು ನಾಲ್ಕು ಶತಮಾನಗಳಿಂದ ಎಷ್ಟು ತಟ್ಟೆಗಳಿಗೆ ಅನ್ನ ಹಾಕಿದೆಯೋ! ನಾನೂ ಆ ದಾರಿಯ ಒಂದು ಹೋಟೆಲಿನಲ್ಲಿ ಅನ್ನ ಉಂಡೆ. ಅದು ಮಲೇಥಾದ್ದಲ್ಲವೆಂದು ಹೇಗೆ ಹೇಳಲಿ? ಉಂಡು ಕೈ ತೊಳೆದು ಕೊಂಡು ಕೊಟ್ಟವನನ್ನು ಕೊಲೆಗಾರನೆನ್ನುವುದು ಎಷ್ಟರ ಮಟ್ಟಿಗೆ ನ್ಯಾಯ? ಒಬ್ಬನ ಜೀವಕ್ಕೆ ಊರಿನ ಅನ್ನ ಎಂಬ ಲೆಕ್ಕ ಉಣ್ಣುವವರ ಕಡೆಯಿಂದ ನೋಡಿದರೆ ಯಾವಾಗಲೂ ಸರಿಯಾಗಿಯೇ ಬರುತ್ತದೆ.

ನನ್ನ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವ ಗೆಳೆಯರಿಗೆ ಈ ಕಥೆ ಹೇಳಿದೆ. ಅವರು ಅರೆನಿಮಿಷ ಯೋಚಿಸಿ, “ಇಳಿಜಾರು ಸಾಲದೆ ಹೋಗಿರಬೇಕು, ಇನ್ನೊಂದು ಮೊಳ ಆಳಕ್ಕೆ ತೋಡಿದ್ದರೆ ಬರುತ್ತಿತ್ತು” ಎಂದರು. ನನಗೆ ಮೊದಲು ನಗು ಬಂತು, ಆಮೇಲೆ ಬರಲಿಲ್ಲ. ಒಂದು ಮೊಳದ ಕೆಲಸ ಉಳಿದಿದ್ದಾಗ ಹುಡುಗನೊಬ್ಬನನ್ನು ಹುಡುಕಿದರೆ? ಬೆಟ್ಟ ತೋಡುವಾಗ ಜನ ಸಾಯುತ್ತಾರೆ. ಅವರ ಹೆಸರುಗಳು ಯಾರ ನೆನಪಿನಲ್ಲಿಯೂ ಉಳಿಯುವುದಿಲ್ಲ. ಹಾಗೆ ಸತ್ತವರೆಲ್ಲರನ್ನೂ ಸೇರಿಸಿ, ಒಡೆಯನ ಮನೆಯ ಹುಡುಗನ ಹೆಸರಿಟ್ಟು ಊರು ಹಾಡಿಕೊಂಡಿತೋ ಏನೋ. ಹಾಗಿದ್ದರೆ ಈ ಹಾಡು ಹೊಗಳಿಕೆಯಲ್ಲ, ಸಾಲದ ಪತ್ರ. ಹಳ್ಳಿಯ ಅಂಗಳದಲ್ಲಿ ಅದನ್ನು ಕೇಳುತ್ತ ಅಳುವವರು ಬಡ್ಡಿ ಕಟ್ಟುತ್ತಿದ್ದಾರೆ. ನಾವು ಪಟ್ಟಣದವರು ನೀಲಿ ಬಟ್ಟೆಗೆ ಚಪ್ಪಾಳೆ ತಟ್ಟಿ ಸಾಲ ತೀರಿತೆಂದುಕೊಳ್ಳುತ್ತೇವೆ.

ಇದೆಲ್ಲ ಹಳೆಯ ಕಾಲದ ಮಾತೆಂದು ಪಕ್ಕಕ್ಕಿಡುವಂತಿಲ್ಲ. ಮಲೇಥಾದಿಂದ ಬಹಳ ದೂರವಿಲ್ಲದ ಹಳೆಯ ಟೇಹ್ರಿ ಪಟ್ಟಣ ೨೦೦೫ರ ಸುಮಾರಿಗೆ ೨೬೦ ಮೀಟರು ಎತ್ತರದ ಅಣೆಕಟ್ಟಿನ ನೀರಿನಲ್ಲಿ ಮುಳುಗಿತು. ಆ ನೀರು ದೆಹಲಿಯ ನಲ್ಲಿಗಳಿಗೂ ಹೋಗುತ್ತದೆ. ಆಗಲೂ ‘ತ್ಯಾಗ’ ಎಂಬ ಶಬ್ದವೇ ಕೇಳಿಬಂತು, ಕಳೆದುಕೊಂಡವರ ಬಾಯಿಂದಲ್ಲ. ನನ್ನ ಅಜ್ಜಿಯ ತವರೂರು ಮಲೆನಾಡಿನ ಒಂದು ಹಿನ್ನೀರಿನಡಿ ಇದೆ. ಮನೆಗೆ ಬಂದ ದೊಡ್ಡವರೊಬ್ಬರು ‘ನಾಡಿಗಾಗಿ ನೀವು ಮಾಡಿದ ತ್ಯಾಗ ದೊಡ್ಡದು’ ಎಂದಾಗ ಅಜ್ಜಿ, “ನಾವು ಎಲ್ಲಿ ಮಾಡಿದೆವಪ್ಪ? ಎದ್ದು ಹೋಗಿ ಅಂದರು, ಎದ್ದು ಬಂದೆವು” ಎಂದಿದ್ದಳು. ಮಾತು ಅಲ್ಲಿಗೆ ನಿಂತು ಕಾಫಿ ಬಂತು.

೨೦೧೪-೧೫ರಲ್ಲಿ ಮಲೇಥಾದ ಹೆಂಗಸರು ತಮ್ಮ ಗದ್ದೆಗಳ ಪಕ್ಕದಲ್ಲಿ ಬಂದ ಜಲ್ಲಿಯಂತ್ರಗಳ ವಿರುದ್ಧ ತಿಂಗಳುಗಟ್ಟಲೆ ಧರಣಿ ಕುಳಿತರು, ಉಪವಾಸ ಮಾಡಿದರು. ಧೂಳು ಬೆಳೆಯ ಮೇಲೆ ಕೂರುತ್ತದೆ, ಇದು ಮಾಧೋಸಿಂಗ್ ನೀರು ತಂದ ನೆಲ ಎಂಬುದು ಅವರ ವಾದ. ಅವರು ಸೇನಾಪತಿಯ ಹೆಸರು ಹೇಳಿದರು. ನನಗೆ ಮಾತ್ರ ಅವರಲ್ಲಿ ಉದೀನಾ ಕಂಡಳು. ೨೦೨೩ರ ನವೆಂಬರಿನಲ್ಲಿ ಅದೇ ಗಢವಾಲದ ಸಿಲ್ಕ್ಯಾರಾದಲ್ಲಿ ರಸ್ತೆಯ ಸುರಂಗ ಕುಸಿದು ೪೧ ಜನ ಕೂಲಿಗಳು ಒಳಗೆ ಸಿಕ್ಕಿಬಿದ್ದರು. ಸ್ಥಳದ ದೇವತೆ ಬೌಖ್‌ನಾಗನ ಗುಡಿಯನ್ನು ತೆಗೆದದ್ದರಿಂದ ಹೀಗಾಯಿತೆಂದು ಜನ ಆಡಿಕೊಂಡರು. ಸುರಂಗದ ಬಾಯಲ್ಲಿ ಸಣ್ಣ ಗುಡಿಯೂ ಎದ್ದಿತು. ಬೆಟ್ಟ ಬಲಿ ಕೇಳುತ್ತದೆ ಎಂಬ ನಂಬಿಕೆ ಸತ್ತಿಲ್ಲ. ಆದರೆ ಅಲ್ಲಿ ಕೈಮುಗಿದವರೆಲ್ಲ ಕೇಳಿದ್ದು ಜನರನ್ನು ಹಿಂದಕ್ಕೆ ಕೊಡೆಂದು. ದೊಡ್ಡ ಯಂತ್ರ ಕೆಟ್ಟು ನಿಂತ ಮೇಲೆ, ಕೊನೆಯ ಕೆಲವು ಮೊಳಗಳನ್ನು ಇಲಿಬಿಲದಂಥ ಗಣಿಗಳಲ್ಲಿ ತೋಡಿ ರೂಢಿಯಿದ್ದ ಬಡ ಕೆಲಸಗಾರರು ಕೈಯಿಂದಲೇ ತೋಡಿದರು. ನವೆಂಬರ್ ೨೮ರ ರಾತ್ರಿ ನಲವತ್ತೊಂದು ಜನರೂ ಹೊರಗೆ ಬಂದರು. ಮನೆಯಲ್ಲಿ ರೇಡಿಯೋ ಕೇಳುತ್ತಿದ್ದ ನನಗೆ ಗೆಳೆಯರ ಒಂದು ಮೊಳದ ಮಾತು ನೆನಪಾಯಿತು.

ಆ ಸಂಜೆ ನಾಟಕ ಮುಗಿದು ಹೊರಗೆ ಬಂದಾಗ ಸಣ್ಣ ಮಳೆ. ಭಾವ ಗಾಡಿ ತರಲು ಹೋದರು. ಗಜೇಸಿಂಗನ ಪಾತ್ರ ಮಾಡಿದ ಹುಡುಗ ಹಣೆಯ ಕುಂಕುಮವನ್ನೂ ಅಳಿಸಿಕೊಳ್ಳದೆ ಮೆಟ್ಟಿಲ ಮೇಲೆ ನಿಂತು ಪಕೋಡ ತಿನ್ನುತ್ತಿದ್ದ. ನನ್ನ ಪಕ್ಕದಲ್ಲಿ ಕುಳಿತಿದ್ದ ವೃದ್ಧೆ ನಿಧಾನವಾಗಿ ಇಳಿದು ಬಂದು ಅವನ ಮುಂದೆ ನಿಂತರು, ತಲೆ ನೇವರಿಸಿದರು, ಸೆರಗಿನ ಗಂಟು ಬಿಚ್ಚಿ ಒಂದು ನೋಟನ್ನು ಅವನ ಕೈಗಿಟ್ಟರು. ಅವನು ಬೇಡವೆಂದರೂ ಕೇಳಲಿಲ್ಲ. “ಮಳೆಯಲ್ಲಿ ಮನೆಗೆ ಹೇಗೆ ಹೋಗುತ್ತೀಯಪ್ಪ?” ಎಂದು ಹಿಂದಿಯಲ್ಲಿ ಕೇಳಿದರು.

“ಅಪ್ಪ ಬರುತ್ತಾರೆ, ಅಜ್ಜಿ, ಕರೆದುಕೊಂಡು ಹೋಗುವುದಕ್ಕೆ” ಎಂದ ಹುಡುಗ.

ಅಜ್ಜಿ ಹೊರಡಲಿಲ್ಲ. ಸ್ಕೂಟರು ಬಂದು ನಿಂತು, ಹುಡುಗ ಹಿಂದೆ ಹತ್ತಿ ಕುಳಿತು, ತಂದೆ ತನ್ನ ಮಳೆಯಂಗಿಯನ್ನು ಬಿಚ್ಚಿ ಅವನಿಗೆ ಹೊದಿಸುವ ತನಕ ಅಲ್ಲಿಯೇ ನಿಂತು ನೋಡುತ್ತಿದ್ದರು.